ಚಿಲಿಪಿಲಿ ಕೇಳುವ ಸರದಿ

ನಾನು ಸದ್ದಿಲ್ಲದೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಗುರುಗ್ರಹದ ಚಂದ್ರನಾದ ನಮ್ಮ ಗ್ಯಾನಿಮೀಡಿನ ಮನೆಗಳಲ್ಲಿ, ರೇಡಿಯೋದಲ್ಲಿ ಆ ಗ್ರಹದ ದನಿ ಕೇಳುತ್ತ ಕೂರುವವರಿಗೆ ಪಾತ್ರೆ ತೊಳೆಯುವಂಥ ಸದ್ದಿನ ಕೆಲಸ ಕೊಡುವುದಿಲ್ಲ. ಅದರ ಚಿಲಿಪಿಲಿ ದಟ್ಟವಾದರೆ ಎಲೆಕ್ಟ್ರಾನುಗಳು ವೇಗ ಪಡೆಯುತ್ತಿವೆ, ವಿಕಿರಣ ಏರಲಿದೆ ಎಂದು ಅರ್ಥ. ಹೊರಗಿದ್ದವರನ್ನು ತಕ್ಷಣ ಒಳಗೆ ಕರೆಯಬೇಕು.

ಅತ್ತಿಗೆ ಚಾವಣಿಯ ಮೇಲೆ ಬೆಸುಗೆ ಹಾಕುತ್ತಿದ್ದರು. ಹೋಗುವಾಗ ನನ್ನ ಕೆನ್ನೆ ಹಿಂಡಿ, "ನಿನ್ನೆ ಥರ ಸುಮ್‌ಸುಮ್ನೆ ಕೂಗ್ಬೇಡ ಕಣೇ ಪುಕ್ಕಲಿ, ಊರೆಲ್ಲ ನಕ್ಕಿದ್ದು ಸಾಕು" ಎಂದಿದ್ದರು.

ಚಿಲಿಪಿಲಿ ದಟ್ಟವಾಯಿತು. ಮತ್ತೆ ನಕ್ಕಾರೆಂದು ಇನ್ನೊಂದು ಗಡ್ಡೆ ಸುಲಿದೆ. ಆಮೇಲೆ ಮೈಕಿನಲ್ಲಿ ಕೂಗಿದೆ.

ಅತ್ತಿಗೆ ಓಡಿ ಬಂದರು. ಅವರ ಎದೆಯ ಮೇಲಿನ, ಮೈಗೆ ತಗುಲಿದ ವಿಕಿರಣ ತೋರಿಸುವ ಬಿಲ್ಲೆ ಪೂರ್ತಿ ಕಪ್ಪಾಗಿತ್ತು. ಬಿಲ್ಲೆ ಕಪ್ಪಾದವರನ್ನು ಮತ್ತೆಂದೂ ಹೊರಗೆ ಬಿಡುವುದಿಲ್ಲ. ಅತ್ತಿಗೆಗೆ ಆ ಕೆಲಸವೆಂದರೆ ಜೀವ.

"ಹೋಗ್ಲಿ ಬಿಡು, ನಿಂಗೆ ಕೇಳಿಸ್ಲಿಲ್ಲ ಅಲ್ವಾ?" ಎಂದರು.

"ಕೇಳಿಸ್ತು."

ಅವರು ಕೈಗವಸು ಬಿಚ್ಚಿ, ಅದರ ಒಂದೊಂದೇ ಬೆರಳನ್ನು ನೀವಿ ಮಡಿಸತೊಡಗಿದರು. ಆಗಲೇ ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದರು.

"ಬೈದ್ಬಿಡಿ ಅತ್ತಿಗೆ" ಎಂದೆ. ಅವರು ತಲೆ ಎತ್ತಲಿಲ್ಲ.

"ಒಂದ್ಸಲ ಬೈದ್ಬಿಡಿ."