ನಿಲ್ಲಿಸುವ ತಾಕತ್ತು

ಬ್ರೇಕನ್ನು ಪೂರ್ತಿ ತುಳಿದರೂ ಬೈರಣ್ಣನ ಪಿಕಪ್ ಜರಗನಹಳ್ಳಿಯ ಇಳಿಜಾರಿನಲ್ಲಿ ಜಾರುತ್ತಲೇ ಇತ್ತು. ಹಿಂದೆ ಕಟ್ಟಿದ್ದ ನೀರಿನ ಟ್ಯಾಂಕರ್ ಅದನ್ನು ಮುಂದಕ್ಕೆ ದಬ್ಬುತ್ತಿತ್ತು. ಸೊಸೆ ಅರ್ಪಿತ ಕೆಳಗೆ ಹಾರಿ ಚಕ್ರಕ್ಕೆ ಸೈಜುಗಲ್ಲು ಕೊಟ್ಟ ಮೇಲಷ್ಟೇ ಗಾಡಿ ನಿಂತಿತು.

"ಟ್ರ್ಯಾಕ್ಟರ್ ಎಳೆಯೋ ಟ್ಯಾಂಕರ್‌ನ ಇದಕ್ಕೆ ಕಟ್ಬೇಡಿ ಅಂತ ಬಡ್ಕೊಂಡೆ, ಮಾವ!"

"ಟ್ರ್ಯಾಕ್ಟರ್ ಕೆಟ್ಟು ಕೂತಿದ್ರೆ ಇನ್ನೇನ್ಮಾಡ್ಲಿ? ನಮ್ ವಠಾರದ ಬಾಡಿಗೆಯವ್ರು ಬೆಳಗ್ಗೆಯಿಂದ ನೀರು ನೀರು ಅಂತ ಪ್ರಾಣ ತಿಂತಾವ್ರೆ. ಇಲ್ಲೀಗಂಟ ಎಳ್ಕೊಂಡ್ ಬಂತಲ್ಲ!" ಬೈರಣ್ಣ ಸ್ಟೀರಿಂಗ್ ಗುದ್ದಿದ.

"ಎಳೀತು. ನಿಲ್ಸೋ ತಾಕತ್ತು ಎಲ್ಲಿದೆ?" ಎನ್ನುತ್ತ ಅರ್ಪಿತ ಹಿಂದೆ ಹೋಗಿ ಟ್ಯಾಂಕರ್‌ನ ವಾಲ್ವ್ ತಿರುಗಿಸಿದಳು. ನೀರು ರಸ್ತೆಗೆ ಧುಮುಕಿತು.

ಬೈರಣ್ಣನ ಮೈಯೆಲ್ಲ ಉರಿಯಿತು. ಈ ಒಂದು ಲೋಡಿಗಾಗಿ ಅವನು ಯಾರ್ಯಾರ ಕೈಕಾಲು ಹಿಡಿದಿದ್ದ! ಹ್ಯಾಂಡ್‌ಬ್ರೇಕ್ ಎಳೆದು ಇಳಿದವನೇ ವಾಲ್ವ್ ಮುಚ್ಚಲು ಕೈ ಹಾಕಿದ. ಅಷ್ಟರಲ್ಲಿ ಚಕ್ರದಡಿಯ ಕಲ್ಲು ಕಿರ್ರೆಂದು ಒಂದು ಗೇಣು ಜರುಗಿತು. ನೀರು ಹರಿದತ್ತಲೇ ಅವನ ಕಣ್ಣು ಹೋಯಿತು. ಇಳಿಜಾರಿನ ಬುಡದಲ್ಲಿ, ಗಾಡಿಗೆ ನೇರವಾಗಿ, ಬಾಡಿಗೆಯವರೆಲ್ಲ ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು. ನೀರು ಆಗಲೇ ಅವರ ಕಾಲು ಮುಟ್ಟಿತ್ತು.

"ಹಿಂಗೆ ಅರ್ಧ ತಿರುಗ್ಸಿದ್ರೆ ಯಾವಾಗಮ್ಮ ಖಾಲಿ ಆಗೋದು?" ಎಂದು ರೇಗುತ್ತ ಬೈರಣ್ಣ ವಾಲ್ವನ್ನು ಪೂರ್ತಿ ತೆರೆದ.