ಕಪ್ಪೆ ಗುರುತಿಸುವ ಕಿವಿ

ನಿವೃತ್ತಿಯ ದಿನ ಪ್ರೊಫೆಸರ್ ಶಕುಂತಲಾ ಹಂಚಿನಮನಿ ಎಲ್ಲರಂತೆ ಕೌಶಲ ವರ್ಗಾವಣೆ ಕಚೇರಿಗೆ ಹೋಗಿ ಅರ್ಜಿ ತುಂಬಿದರು. ಕೊಡುವ ಕೌಶಲ: ಕೂಗಿನಿಂದಲೇ ಕಪ್ಪೆಯ ಜಾತಿ ಗುರುತಿಸುವ ಕಿವಿ. ಪಡೆಯುವವರು: ಸಂಶೋಧನಾ ವಿದ್ಯಾರ್ಥಿನಿ ನಜ್ಮಾ.

"ಕೊಟ್ಟ ಮ್ಯಾಲೆ ನಿಮಗ ಉಳಿಯಂಗಿಲ್ರಿ," ಎಂದ ಗುಮಾಸ್ತ, ತಲೆ ಎತ್ತದೆ.

"ಗೊತ್ತೈತಿ. ನಾಳೆ ಆಕೀದು ನೌಕರಿ ಸಂದರ್ಶನ ಐತಿ, ಲಗೂ ಮುಗಸಪಾ."

ಹತ್ತು ನಿಮಿಷದಲ್ಲಿ ಮುಗಿಯಿತು. ಸಂಜೆ ಇಬ್ಬರೂ ಕೆರೆ ದಂಡೆಯಲ್ಲಿ ಕುಳಿತರು. ಮೂವತ್ತು ವರ್ಷ ಒಂದೊಂದು ದನಿಯನ್ನೂ ಬೇರೆಯಾಗಿ ಕೇಳಿದ್ದ ಪ್ರೊಫೆಸರಿಗೆ ಈಗ ಬರೀ ವಟವಟ.

"ಎಷ್ಟು ನಮೂನಿ ಅದಾವ್ರೀ ಮೇಡಂ!" ಎಂದ ನಜ್ಮಾ, ಅವರ ಮುಖ ನೋಡಿ ತುಟಿ ಕಚ್ಚಿಕೊಂಡಳು.

ಪ್ರೊಫೆಸರು ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ಪೆನ್ನು ಹಿಡಿದು ನಜ್ಮಾಳತ್ತ ತಿರುಗಿ ಕೇಳಿದರು:

"ಹೇಳ್ರಿ ಮೇಡಂ, ಎಡಕ್ಕ ಕೂಗೂದು ಯಾವ ಕಪ್ಪಿ?"