ಎಂಟನೆಯ ಹೆಸರು

ಅರಸರು ಬರುತ್ತಿದ್ದರು, ಹೋಗುತ್ತಿದ್ದರು, ಊರು ಮಾತ್ರ ಕೂತಲ್ಲೇ ಕೂತಿರುತ್ತಿತ್ತು. ಆ ಕಾಲದಲ್ಲಿ ಕೋಟೆಬಾಗಿಲ ನೆತ್ತಿಯ ಮೇಲೆ ಒಂದು ಕಲ್ಲಿನ ಹಲಗೆ ನಿಂತಿತ್ತಂತೆ. ಗೆದ್ದವನ ಹೆಸರು ಅದರ ಮೇಲೆ. ಅವನು ಸೋತರೆ ಕಲ್ಲುಕುಟಿಗರ ಮನೆಯವರು ಏಣಿ ಹತ್ತಿ, ಆ ಹೆಸರನ್ನು ಹೆರೆದು, ಮುಂದಿನವನದನ್ನು ಕೆತ್ತಬೇಕು. ಏಳು ಅರಸರು ಮುಗಿಯುವಷ್ಟರಲ್ಲಿ ಆರು ಬೆರಳು ದಪ್ಪದ ಕಲ್ಲು ಸವೆದು ಎರಡು ಬೆರಳಿಗೆ ಬಂದಿತ್ತು.

ಎಂಟನೆಯವನು ಗೆದ್ದ ಮೂರನೆಯ ದಿನ ಅವನ ದಳವಾಯಿ ಆ ಮನೆಯ ಮೊಮ್ಮಗಳನ್ನು ಕರೆಸಿದ. ಕೆತ್ತಬೇಕಾಗಿದ್ದ ಅವಳ ಅಣ್ಣ ಸೆರೆಯಲ್ಲಿದ್ದ. ಏಳನೆಯವನ ಹೆಸರು ಕೆತ್ತಿದ್ದೇ ಅವನ ಅಪರಾಧ.

"ಸಂಜೆಯೊಳಗೆ ಹೆಸರು ಮುಗಿಸು, ನಿಮ್ಮಣ್ಣನ್ನ ಬಿಡ್ತೀನಿ. ಇದು ನನ್ನ ಮಾತು. ಎಷ್ಟು ಆಳ ಕೆತ್ತೀಯ?"

"ಅರ್ಧ ಬೆರಳು, ಒಡೆಯಾ. ಯಾವಾಗ್ಲೂ ಅಷ್ಟೇ."

"ಅದಕ್ಕೇ ಬಂದವರೆಲ್ಲ ಹಾಲಿನ ಕೆನೆ ತೆಗೆದ ಹಾಗೆ ತೆಗೆದು ಬಿಸಾಕ್ತಾರೆ! ನಮ್ಮ ಪ್ರಭುಗಳ ಹೆಸರು ಯಾರಪ್ಪನ ಕೈಲೂ ಅಳಿಸೋಕೆ ಆಗಬಾರದು. ಇನ್ನೂ ಆಳ ಹೋಗು."

"ಹೋದ್ರೆ ಕಲ್ಲು ತೂತಾಗುತ್ತೆ."

"ಆಗಲಿ! ತೂತನ್ನ ಹೆರೆಯೋ ಉಳಿ ಯಾವನ ಹತ್ರ ಇದೆ, ನೋಡೋಣ." ಜೊತೆಗಿದ್ದವರೆಲ್ಲ ನಕ್ಕರು.

ಅವಳು ಏಣಿ ಹತ್ತಿದಳು. ಏಣಿಯ ಬುಡದಲ್ಲಿ ಕೂತ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಕಿವಿಯಿಂದಲೇ ಕೆಲಸ ನೋಡುತ್ತಿದ್ದ.

"ಸದ್ದು ಪೊಳ್ಳಾಯ್ತು ಕಣೇ, ಕೈ ಹಗುರ ಮಾಡು. ಕಲ್ಲು ಬಿರಿದ್ರೆ ನಿನ್ನಣ್ಣನೂ ಬರಲ್ಲ, ನೀನೂ ಉಳಿಯಲ್ಲ."

"ಸುಮ್ನಿರಜ್ಜಾ. ನಡುಗೋದು ನಿನ್ನ ಕೈ, ನನ್ನದಲ್ಲ."

ಉಳಿ ಜಾರಲಿಲ್ಲ. ಕೂದಲು ಕಲ್ಲುಪುಡಿಯಿಂದ ಬೆಳ್ಳಗಾಗಿ, ಗಂಟಲು ಒಣಗಿ, ಇಳಿಹೊತ್ತಿಗೆ ಕೊನೆಯ ಅಕ್ಷರದ ತುಣುಕು ಆಚೆ ಬಿತ್ತು. ಹಲಗೆಯಲ್ಲಿ ಒಂದು ಕೂದಲಿನಷ್ಟೂ ಬಿರುಕಿಲ್ಲ.

"ಬಿಡ್ರೋ ಅವಳ ಅಣ್ಣನ್ನ!" ಎಂದ ದಳವಾಯಿ. ಭಟನೊಬ್ಬ ಅಂಗಳದಾಚೆಯ ಸೆರೆಮನೆಗೆ ಓಡಿದ.

ಅಷ್ಟರಲ್ಲಿ ಸೂರ್ಯ ಬಾಗಿಲ ಹಿಂದಕ್ಕೆ ಇಳಿದ. ಬಾಗಿಲ ನೆರಳು ಅಂಗಳದ ತುಂಬ ಬಿತ್ತು. ಆ ನೆರಳಿನೊಳಗೆ, ಗೋಡೆಯಿಂದ ಗೋಡೆಯವರೆಗೆ, ಪ್ರಭುಗಳ ಹೆಸರು ಬೆಳಕಾಗಿ ತಲೆಕೆಳಗೆ ಮಲಗಿತ್ತು. ಏಳು ಅರಸರ ಕಾಲ ಕಲ್ಲನ್ನು ನೋಡಿದ್ದ ಮನೆಗೆ ಬಿಸಿಲನ್ನು ನೋಡುವುದು ತಿಳಿದಿರಲಿಲ್ಲ. ಮೂಟೆ ಹೊತ್ತವನೊಬ್ಬ ಹೆಸರನ್ನು ತುಳಿದುಕೊಂಡೇ ಹೋದ. ಹಿಂದೆಯೇ ಒಂದು ಕತ್ತೆ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ದಳವಾಯಿಯ ಮುಖ ಕಪ್ಪಿಟ್ಟಿತು. "ಇನ್ನು ಇದರ ಮೇಲೆ ಕಾಲಿಟ್ಟವನ ಕಾಲು ಕಡೀರಿ. ಯಾರೇ ಆಗಲಿ."

ಕತ್ತಿಗಳು ಹೊರಬಂದವು. ಜನ ಗೋಡೆಗೆ ಅಂಟಿ ನಿಂತರು.

"ಏನಾಯ್ತೇ? ಯಾಕೆ ಎಲ್ಲ ಸುಮ್ಮನಾದ್ರು?" ಅಜ್ಜ ಕೇಳಿದ.

ಅವಳು ಸೆರೆಮನೆಯತ್ತ ನೋಡಿದಳು. ಅದರ ಬಾಗಿಲು ತೆರೆದಿತ್ತು. ದಳವಾಯಿ ಮಾತಿಗೆ ತಪ್ಪಲಿಲ್ಲ. ಕತ್ತಲಿಂದ ಬಂದ ಅಣ್ಣ ಕಣ್ಣು ಕಿರಿದಾಗಿಸಿ ಏಣಿಯ ಮೇಲಿನ ತಂಗಿಯನ್ನು ಗುರುತಿಸಿದ, ಕೈ ಚಾಚಿ ನೇರ ಅವಳತ್ತ ಓಡಿಬಂದ. "ನಿಲ್ಲಣ್ಣಾ" ಎಂದು ಕೂಗಿದಳು. ಪುಡಿ ತುಂಬಿದ ಗಂಟಲಿಂದ ಗಾಳಿಯಷ್ಟೇ ಬಂತು. ತಟ್ಟನೆ ತಿರುಗಿ, ಎರಡೂ ತೋಳು ಹರಡಿ, ಬಿಸಿಲು ತೂರದಂತೆ ಎದೆಯನ್ನು ಹಲಗೆಗೆ ಒತ್ತಿ ಹಿಡಿದಳು.

ಅವಳ ಮೈಗೆ ಮರೆಯಾದದ್ದು ಎರಡೇ ಅಕ್ಷರ.